24 ಪುಟದ ಮಕ್ಕಳ ಪುಸ್ತಕಕ್ಕೆ ಚಿತ್ರ: ಬಣ್ಣಕ್ಕೆ ಕೈ ಹಾಕುವ ಮುಂಚೆ ಏನೇನು ತೀರ್ಮಾನ ಆಗಿರಬೇಕು?

ಬಣ್ಣದಡಬ್ಬಿ:
ಕನ್ನಡ ಚಿತ್ರಪುಸ್ತಕದ ಕೆಲಸ ಸಿಕ್ಕಿದೆ. ಒಳಪುಟ 24, ಮುಖಪುಟ ಬೇರೆ. ಅಳತೆ 8.5 × 8.5 ಇಂಚು, ನಡುವೆ ಪಿನ್ ಹೊಡೆಯುವ ಬೈಂಡಿಂಗ್. ಕಥೆ ಸುಮಾರು 600 ಪದ, ಚಿತ್ರ ಜಲವರ್ಣದಲ್ಲಿ. ಆಮೇಲೆ ತೆಲುಗು, ತಮಿಳಲ್ಲೂ ತರುತ್ತಾರಂತೆ. ದುಡ್ಡು ಇಡಿಗಂಟು, ಕಾಗದಪತ್ರ ಇನ್ನೂ ಆಗಿಲ್ಲ. ನನ್ನ ಹತ್ತಿರ ಎ4 ಸ್ಕ್ಯಾನರ್ ಇದೆ, ಸಾಕಾ?

ಪುಟಗಾರ:
ಮೊದಲು ಪುಟದ ಲೆಕ್ಕ. 1 ಶೀರ್ಷಿಕೆಗೆ, 2 ಪ್ರಕಾಶಕರ ವಿವರಕ್ಕೆ ಹೋಯಿತು. ಕಥೆ 3ರಲ್ಲಿ ಶುರುವಾದರೆ 4-5ರಿಂದ 22-23ರವರೆಗೆ ಹತ್ತು ಜೋಡಿಪುಟ, ಕೊನೆಗೆ 24 ಒಂಟಿ. ಅಲ್ಲಿಗೆ ಕಥೆ 12 ತುಂಡು, ತುಂಡಿಗೆ ಸರಾಸರಿ 50 ಪದ. ‘ಮುಂದೇನಾಯ್ತು’ ಅನ್ನಿಸುವ ಜಾಗ ಬಲಪುಟದ ಕೊನೆಯಲ್ಲೇ ಬರಲಿ, ಪುಟ ತಿರುಗಿಸುವುದು ಅಲ್ಲಿ.

ಆರು ಹಾಳೆ ಮಡಚಿ ಒಂದರೊಳಗೊಂದು ಸೇರಿಸಿದರೆ 24 ಪುಟದ ಡಮ್ಮಿ ರೆಡಿ. ಪೆನ್ಸಿಲ್ ಕರಡು ಅದರಲ್ಲೇ ಮಾಡಿ. ಬಿಚ್ಚಿ ನೋಡಿದರೆ 12-13 ಮಾತ್ರ ಒಂದೇ ಹಾಳೆಯ ಮೇಲಿರುತ್ತದೆ. ಮಿಕ್ಕ ಜೋಡಿಗಳಲ್ಲಿ ಎಡ-ಬಲ ಬೇರೆ ಬೇರೆ ಹಾಳೆ, ಬೈಂಡಿಂಗ್‌ನಲ್ಲಿ ಒಂದು ಮಿಲಿಮೀಟರ್ ಆಚೀಚೆ ಸರಿಯುವುದು ಮಾಮೂಲು. ಮಡಿಕೆ ದಾಟುವ ಹಗ್ಗ, ಕರೆಂಟ್ ತಂತಿಯಂಥ ತೆಳುಗೆರೆ ತುಂಡಾದಂತೆ ಕಾಣುತ್ತದೆ. ಮುಖಗಳನ್ನು ಮಡಿಕೆಯಿಂದ 1.5 ಸೆಂ.ಮೀ. ದೂರ ಇಡಿ.

ಒತ್ತಕ್ಷರ:
ಜಾಗ ಬಿಡುವುದರಲ್ಲೇ ಹೆಚ್ಚು ಜನ ಎಡವುತ್ತಾರೆ. ಇಂಗ್ಲಿಷ್ ಪುಸ್ತಕದ ಅಳತೆ ನೋಡಿ ಬಿಟ್ಟ ಜಾಗದಲ್ಲಿ ಕನ್ನಡ ಹಿಡಿಸದು. 18 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 28-30 ಪಾಯಿಂಟ್ ಬೇಕು. ಒಂದು ಸಾಲಲ್ಲಿ ‘ರಾಷ್ಟ್ರ’, ಅದರ ಕೆಳಗೆ ‘ಗಿಳಿ’ ಟೈಪ್ ಮಾಡಿ. ಒತ್ತು ಗುಡಿಸಿಗೆ ತಾಗುತ್ತಿದ್ದರೆ ಅಂತರ ಸಾಲದು. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಭಾರತೀಯ ಲಿಪಿಗಳನ್ನೂ ಸರಿಯಾಗಿ ಕೂರಿಸುವ ಆಯ್ಕೆ) ಆರಿಸದಿದ್ದರೆ ಯೂನಿಕೋಡ್ ಒತ್ತುಗಳು ಬಿಡಿಬಿಡಿಯಾಗಿ ಕೂರುತ್ತವೆ.

ಬೇರೆ ಭಾಷೆಗೂ ಹೋಗುವುದಾದರೆ ಪಠ್ಯ ಬರೀ ಕಪ್ಪಿನಲ್ಲಿ, ಚಿತ್ರದ ಮೇಲೆ ಓವರ್‌ಪ್ರಿಂಟ್ ಆಗಲಿ, ಅಂದರೆ ಅಕ್ಷರದ ಅಡಿಯ ಬಣ್ಣ ಕತ್ತರಿಸದೆ ಅದರ ಮೇಲೇ ಕಪ್ಪು ಅಚ್ಚಾಗಲಿ. ಆಗ ಬಣ್ಣಕ್ಕೊಂದರಂತೆ ಇರುವ ನಾಲ್ಕು ಮುದ್ರಣ ಪ್ಲೇಟಿನಲ್ಲಿ ಕಪ್ಪನ್ನಷ್ಟೇ ಬದಲಿಸಿದರೆ ತೆಲುಗು ಆವೃತ್ತಿ ಸಿಗುತ್ತದೆ. ಕಡುನೀಲಿ ರಾತ್ರಿಯ ಮೇಲೆ ಬಿಳಿ ಅಕ್ಷರ ಇಟ್ಟಿರೋ, ಅದಕ್ಕೆ ಬೇರೆ ಬಣ್ಣದ ಪ್ಲೇಟುಗಳಲ್ಲೂ ಜಾಗ ಖಾಲಿ ಬಿಡಬೇಕು, ಆ ಉಳಿತಾಯ ಹೋಯಿತು. ಚಿತ್ರದೊಳಗಿನ ಅಂಗಡಿ ಬೋರ್ಡು, ಬಸ್ಸಿನ ಫಲಕ ಖಾಲಿ ಬಿಡಿ.

ಪುಟಗಾರ:
ಸ್ಕ್ಯಾನ್ ವಿಷಯ ಮರೆತಿದ್ದೆ. ಜೋಡಿಪುಟ 432 × 216 ಮಿ.ಮೀ., ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು) ಸೇರಿ 438 × 222. ಎ3 ಹಾಳೆಯೇ (420 ಮಿ.ಮೀ.) ಸಾಲದು, ದೊಡ್ಡ ಹಾಳೆ ತಗೊಳ್ಳಿ. ಎ4 ಸ್ಕ್ಯಾನರಿನಲ್ಲಿ 3 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಮೂರು ಸಲ, 600 ಡಿಪಿಐನಲ್ಲಿ. ಹಾಳೆಯನ್ನು ತಿರುಗಿಸಬೇಡಿ, ಒಂದೇ ದಿಕ್ಕಿನಲ್ಲಿ ಸರಿಸುತ್ತಾ ಹೋಗಿ. ತಿರುಗಿಸಿದರೆ ಕಾಗದದ ತರಿಯ ನೆರಳು ಉಲ್ಟಾ ಬಿದ್ದು ಜೋಡಣೆ ಎದ್ದು ಕಾಣುತ್ತದೆ. ತೀರಾ ತೆಳುವಾದ ವಾಶ್ (ನೀರು ಬೆರೆಸಿ ಬಳಿದ ಬಣ್ಣದ ಪದರ) ಸ್ಕ್ಯಾನಿನಲ್ಲಿ ಮಾಯ. ಫ್ಲೋರೊಸೆಂಟ್ ಗುಲಾಬಿಯಂತೂ ನಾಲ್ಕು ಬಣ್ಣದ ಮುದ್ರಣದಲ್ಲಿ ಬರುವುದೇ ಇಲ್ಲ.

ಕರಾರುಪತ್ರ:
ಕಾಗದ ಆಗದೆ ಕುಂಚ ಮುಟ್ಟಬೇಡಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಪೇಂಟಿಂಗಿಗೆ ಬೇರೆ ಒಪ್ಪಂದ ಇಲ್ಲದಿದ್ದರೆ ಬರೆಸಿದವರೇ ಮೊದಲ ಹಕ್ಕುದಾರರು. ಸುಮ್ಮನಿದ್ದರೆ ಹಕ್ಕು ನಿಮ್ಮದೇ ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. ಹಕ್ಕು ನಿಮ್ಮದೆಂದೂ, ಯಾವ ಭಾಷೆಗೆ, ಎಷ್ಟು ವರ್ಷಕ್ಕೆ ಬಿಟ್ಟುಕೊಡುತ್ತೀರೆಂದೂ ಬರೆಸಿ. ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ 19ನೇ ಸೆಕ್ಷನ್ ಅದನ್ನು 5 ವರ್ಷ ಎಂದು ಎಣಿಸುತ್ತದೆ, ಪ್ರದೇಶ ಹೇಳದಿದ್ದರೆ ಭಾರತ ಎಂದು.

ಪ್ರಥಮ್ ಬುಕ್ಸ್ ಪ್ರಕಾಶನದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿರುವಂಥ ಮುಕ್ತ ಪರವಾನಗಿ (ಸಿಸಿ ಬೈ 4.0) ಇದ್ದರೆ ಲೆಕ್ಕ ಬೇರೆ: ನಿಮ್ಮ ಹೆಸರು ಹಾಕಿ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು, ವಾಪಸ್ ಪಡೆಯುವಂತಿಲ್ಲ. ಸಂಭಾವನೆ ಕೇಳುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ತಿದ್ದುಪಡಿ ಕರಡಿನ ಹಂತದಲ್ಲಿ ಎರಡು ಸಲ, ಬಣ್ಣವಾದ ಮೇಲೆ ಬೇಕೆಂದರೆ ಪ್ರತ್ಯೇಕ ದುಡ್ಡು. ಮೂಲಚಿತ್ರ ನಿಮಗೆ ವಾಪಸ್ ಬರಬೇಕು ಅನ್ನುವುದಕ್ಕೂ ಒಂದು ಸಾಲು ಇರಲಿ.