ವ್ಯಾನಿನ ಬೆಂಚಿಗೆ ರೆಕ್ಸಿನ್ ಹೊಲಿಸಲೇ, ಬಟ್ಟೆ ಹೊಲಿಸಲೇ?

ಪ್ರಶ್ನೆ: ನಿವೃತ್ತ ಗಣಿತ ಮೇಷ್ಟರು, ಕೊಪ್ಪಳ

ನಿವೃತ್ತಿಯ ಹಣ ಬಂದಾಗ ಮನೆಯ ಮೇಲೆ ಇನ್ನೊಂದು ಅಂತಸ್ತು ಎಬ್ಬಿಸೋಣ ಎಂದು ಮಗ ಹೇಳಿದ. ನಾನು ಹಳೆಯ ಟೆಂಪೊ ಟ್ರಾವೆಲರ್ ಕೊಂಡೆ. ಆ ಜಗಳ ಇನ್ನೂ ಮುಗಿದಿಲ್ಲ, ಅದು ಇಲ್ಲಿ ಬೇಡ.

ವ್ಯಾನಿನೊಳಗೆ ಎದುರುಬದುರಾಗಿ ಎರಡು ಬೆಂಚುಗಳಿವೆ. ಒಂದೊಂದೂ ಆರು ಅಡಿ ಉದ್ದ, ಎರಡು ಅಡಿ ಅಗಲ. ನಡುವೆ ಮಡಚುವ ಮೇಜು, ಹಿಂದೆ ಒಂದು ಒಲೆಯ ಕಟ್ಟೆ. ಹಗಲು ಕೂರುವ ಬೆಂಚೇ ರಾತ್ರಿ ಮಲಗುವ ಹಾಸಿಗೆ. ಬಡಗಿಯ ಕೆಲಸದಲ್ಲಿ ನನಗೆ ತಕರಾರಿಲ್ಲ. ತಕರಾರೆಲ್ಲ ಹೊದಿಕೆಯದು. ಗಾಢ ಕಂದು ಬಣ್ಣದ ವಸ್ತುವೊಂದನ್ನು ‘ಪಿಯು ಲೆದರ್, ಹತ್ತು ವರ್ಷ ಏನೂ ಆಗುವುದಿಲ್ಲ’ ಎಂದು ಅಂಗಡಿಯವರು ಕೊಟ್ಟರು. ಹದಿನಾಲ್ಕು ತಿಂಗಳಿಗೆ ಕಿಟಕಿಯ ಕಡೆಯ ಅಂಚು ಹಪ್ಪಳದಂತೆ ಬಿರುಸಾಗಿ, ಹೊಲಿಗೆಯ ಸಾಲಿನುದ್ದಕ್ಕೂ ಬಿರಿಯಿತು.

ಕಳೆದ ಮೇ ತಿಂಗಳಲ್ಲಿ ಮಸ್ಕಿಗೆ ಹೋಗಿದ್ದೆವು. ಅಶೋಕನ ಹೆಸರಿರುವ ಆ ಬಂಡೆಯನ್ನು ನೋಡಿ, ಗುಡ್ಡ ಇಳಿದು, ಎರಡು ತಾಸು ಬಿಸಿಲಿನಲ್ಲಿ ನಿಂತಿದ್ದ ವ್ಯಾನಿನ ಬಾಗಿಲು ತೆರೆದು ಬೆಂಚಿನ ಮೇಲೆ ಕುಳಿತೆ. ಕುಳಿತಷ್ಟೇ ವೇಗದಲ್ಲಿ ಎದ್ದೆ. ಸಾಮ್ರಾಟನ ಶಾಂತಿಯ ಸಂದೇಶವೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು.

ನನ್ನ ಮನೆಯವರಿಗೆ ರೆಕ್ಸಿನ್ ಮೇಲೆ ನಿದ್ದೆ ಬರುವುದಿಲ್ಲ. ಬೆನ್ನು ಬೆವರುತ್ತದೆ, ಹಾಸಿದ ದುಪ್ಪಟಿ ಜಾರಿ ಕೆಳಗೆ ಬೀಳುತ್ತದೆ. ಬಟ್ಟೆಯೇ ಇರಲಿ ಎನ್ನುತ್ತಾರೆ. ನಾನೋ ವ್ಯಾನಿನಲ್ಲಿ ಕುಳಿತೇ ಒಗ್ಗರಣೆ-ಮಿರ್ಚಿ ತಿನ್ನುವವನು. ಬಟ್ಟೆಗೆ ಅರಿಶಿನದ ಎಣ್ಣೆ ಬಿದ್ದರೆ ಒರೆಸುವುದು ಹೇಗೆ? ಏಳು ಮಾದರಿ ತುಣುಕುಗಳನ್ನು ತಂದಿಟ್ಟುಕೊಂಡಿದ್ದೇನೆ. ಒಂದರ ಹಿಂದೆ ‘ಮಾರ್ಟಿನ್‌ಡೇಲ್ 30,000’ ಎಂದು ಬರೆದಿದೆ. ಯಾವುದನ್ನು ನಂಬಲಿ?

ಉತ್ತರ: ಕುಶನ್ ಕೆಲಸದವನು, ಬಳ್ಳಾರಿ

ಮೇಷ್ಟರೇ, ನಮಸ್ಕಾರ. ಇಪ್ಪತ್ತೆಂಟು ವರ್ಷಗಳಿಂದ ಇದೇ ನನ್ನ ಕೆಲಸ. ಮೊದಲು ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳ ಸೀಟು, ಆಮೇಲೆ ಬಸ್ಸು, ಈಗ ಕಾರು ಹೆಚ್ಚು. ನಿಮ್ಮ ಹೊದಿಕೆ ಸತ್ತದ್ದು ಯಾವ ರೋಗದಿಂದ ಎಂದು ಗೊತ್ತಾದರೆ ಮುಂದಿನದನ್ನು ಆರಿಸುವುದು ಸುಲಭ.

ರೆಕ್ಸಿನ್ ಎಂದರೆ ಬಟ್ಟೆಯ ಮೇಲೆ ಪ್ಲಾಸ್ಟಿಕ್ಕಿನ ಲೇಪ; ಆ ಲೇಪ ಪಿವಿಸಿಯದಿರಬಹುದು, ಪಿಯು ಎಂದರೆ ಪಾಲಿಯುರೆಥೇನಿನದೂ ಇರಬಹುದು. ನೀವು ಹೇಳುವ ಲಕ್ಷಣ ಪಿಯುವಿನದಲ್ಲ, ಪಿವಿಸಿಯದು. ಪಿವಿಸಿ ತಾನಾಗಿ ಗಟ್ಟಿ ಪ್ಲಾಸ್ಟಿಕ್, ನಲ್ಲಿಯ ಪೈಪಿನ ಜಾತಿ. ಅದನ್ನು ಮೆತ್ತಗಾಗಿಸಲು ಎಣ್ಣೆಯಂಥ ದ್ರವ ಬೆರೆಸಿರುತ್ತಾರೆ. ಬಿಸಿಲಿಗೆ ಆ ದ್ರವ ನಿಧಾನವಾಗಿ ಹೊರಬಂದು ಆರಿಹೋಗುತ್ತದೆ. ಹೊಸ ಸೀಟಿನ ವಾಹನದಲ್ಲಿ ಗಾಜಿನ ಒಳಮೈಗೆ ಜಿಡ್ಡಿನ ಪರದೆ ಕೂರುವುದನ್ನು ನೋಡಿದ್ದೀರಲ್ಲ, ಅದರಲ್ಲಿ ಇದರದೂ ಪಾಲಿದೆ. ದ್ರವ ಹೋದ ಮೇಲೆ ಉಳಿಯುವುದು ನಿಮ್ಮ ಹಪ್ಪಳ. ಪಿಯು ಸಾಯುವ ಬಗೆ ಬೇರೆ. ಅದಕ್ಕೆ ಶಾಖದ ಜೊತೆ ತೇವ ಸೇರಿದರೆ ಮೇಲಿನ ಪದರ ಕೊಳೆತು, ತಲೆಹೊಟ್ಟಿನಂತೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ, ಬಳಸದೆ ಮೂಲೆಯಲ್ಲಿಟ್ಟಿದ್ದರೂ ಉದುರುತ್ತದೆ. ಮನೆಗಳಲ್ಲಿ ಮೂರ್ನಾಲ್ಕು ವರ್ಷಕ್ಕೇ ಮೈ ಸುಲಿದುಕೊಂಡ ಸೋಫಾಗಳು ಹೆಚ್ಚಾಗಿ ಇದೇ ಜಾತಿಯವು. ನಮ್ಮ ಕಡೆ ಒಣ ಬಿಸಿಲು, ಹಾಗಾಗಿ ಪಿಯು ಸ್ವಲ್ಪ ಬಾಳುತ್ತದೆ. ನೀವು ಮಳೆಗಾಲದಲ್ಲಿ ಗೋಕರ್ಣ, ಆಗುಂಬೆ ಎಂದು ತಿರುಗುವವರಾದರೆ ಅದರ ಸಹವಾಸ ಬೇಡ. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿ ‘ಬಾಂಡೆಡ್ ಲೆದರ್’ ಎಂದು ಮಾರುತ್ತಾರೆ. ಅದನ್ನು ಮುಟ್ಟಲೂ ಬೇಡಿ.

ರೆಕ್ಸಿನ್ ಕೊಳ್ಳುವಾಗ ಎಲ್ಲರೂ ಮೇಲ್ಮೈ ಸವರಿ ನೋಡುತ್ತಾರೆ. ನೀವು ತಿರುಗಿಸಿ ಹಿಂಬದಿ ನೋಡಿ. ಅಲ್ಲಿ ಹೆಣೆದ ಬಟ್ಟೆ ದಪ್ಪವಾಗಿದ್ದು, ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗಬೇಕು. ತೆಳುವಾದ ಜಾಳಿಗೆಯಿದ್ದರೆ ಅದು ಮೋಟಾರ್ ಸೈಕಲ್ ಕವರಿಗೂ ಲಾಯಕ್ಕಿಲ್ಲ. ಹಿಂಬದಿ ಒಳ್ಳೆಯದಾಗಿದ್ದರೂ ಹೊಲಿಯುವವನು ಕೆಡಿಸಬಹುದು. ‘ಗಟ್ಟಿಯಾಗಿರಲಿ’ ಎಂದು ಒತ್ತೊತ್ತಾಗಿ ಹೊಲಿದರೆ ರೆಕ್ಸಿನ್ ಅಂಚೆ ಚೀಟಿಯ ಅಂಚಿನಂತೆ ತೂತಿನ ಸಾಲಾಗುತ್ತದೆ, ಎಳೆತ ಬಿದ್ದಾಗ ಅಲ್ಲೇ ಹರಿಯುತ್ತದೆ. ನಿಮ್ಮದು ಹೊಲಿಗೆಯುದ್ದಕ್ಕೂ ಬಿರಿಯಿತು ಎಂದಿರಿ, ಅಳೆದು ನೋಡಿ. ತೂತಿನಿಂದ ತೂತಿಗೆ ಮೂರೂವರೆ-ನಾಲ್ಕು ಮಿಲಿಮೀಟರ್ ಇರಬೇಕು. ದಾರ ಪಾಲಿಯೆಸ್ಟರ್ ಇರಲಿ. ಹತ್ತಿಯ ದಾರ ಬೇಗ ಕೊಳೆಯುತ್ತದೆ, ನೈಲಾನ್ ಗಟ್ಟಿಯಾದರೂ ಬಿಸಿಲು ತಾಳುವುದು ಕಡಿಮೆ.

ಮಾರ್ಟಿನ್‌ಡೇಲ್ ಎಂದರೆ ಬಟ್ಟೆಯನ್ನು ಯಂತ್ರದಲ್ಲಿ ಉಜ್ಜಿ, ಎಷ್ಟು ಸುತ್ತಿಗೆ ಎಳೆ ಕಡಿಯುತ್ತದೆ ಎಂದು ಎಣಿಸುವ ಲೆಕ್ಕ. ಮನೆಯ ಸೋಫಾಕ್ಕೆ ಇಪ್ಪತ್ತು-ಇಪ್ಪತ್ತೈದು ಸಾವಿರ ಸಾಕು, ಆದ್ದರಿಂದ ನಿಮ್ಮ ಮೂವತ್ತು ಸಾವಿರ ಚೆನ್ನಾಗಿಯೇ ಇದೆ. ಅಮೆರಿಕದವರು ಬೇರೆ ಯಂತ್ರದಲ್ಲಿ ಉಜ್ಜುತ್ತಾರೆ, ಆ ಅಂಕಿಯನ್ನು ಈ ಅಂಕಿಯ ಪಕ್ಕ ಇಟ್ಟು ಹೋಲಿಸಬೇಡಿ. ಲೆಕ್ಕದ ಮೇಷ್ಟರಿಗೆ ಇದನ್ನು ಹೇಳಬಾರದು, ಆದರೂ ಹೇಳುತ್ತೇನೆ: ನನ್ನ ಅಂಗಡಿಗೆ ಉಜ್ಜಿ ಸವೆದು ಬಂದ ಸೀಟುಗಳು ಕಡಿಮೆ. ಬಿಸಿಲಿಗೆ ಸತ್ತವು, ಹೊಲಿಗೆ ಬಿಚ್ಚಿದವು, ತಲೆಗೆ ಹಚ್ಚಿದ ಎಣ್ಣೆ ಕುಡಿದು ಗಟ್ಟಿಯಾದವು ಹೆಚ್ಚು.

ಈಗ ನಿಮ್ಮ ಮನೆಯ ಜಗಳದ ವಿಷಯ. ಇಬ್ಬರೂ ಗೆಲ್ಲುವ ದಾರಿ ಇದೆ. ಕುಶನ್ನಿನ ಒಂದು ಮುಖಕ್ಕೆ ರೆಕ್ಸಿನ್, ಇನ್ನೊಂದು ಮುಖಕ್ಕೆ ಬಟ್ಟೆ ಹೊಲಿಸಿ. ಹಗಲು ರೆಕ್ಸಿನ್ ಮೇಲೆ, ರಾತ್ರಿ ತಿರುವಿ ಹಾಕಿದರೆ ಬಟ್ಟೆ ಮೇಲೆ. ಇದರಿಂದ ಇನ್ನೊಂದು ಲಾಭ. ಸುತ್ತಲೂ ರೆಕ್ಸಿನ್ ಇದ್ದರೆ ಕೂತಾಗ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಕುಶನ್ ಉಬ್ಬಿ ಹೊಲಿಗೆಯನ್ನೇ ತಳ್ಳುತ್ತದೆ. ಒಂದು ಮುಖ ಬಟ್ಟೆಯಾದರೆ ಅದು ಉಸಿರಾಡುತ್ತದೆ. ಕೆಳಗಿನ ಪ್ಲೈವುಡ್‌ಗೆ ಅರ್ಧರ್ಧ ಅಡಿಗೆ ಒಂದರಂತೆ ಒಂದಂಗುಲದ ತೂತು ಕೊರೆಸಿ. ಇಲ್ಲದಿದ್ದರೆ ಮಲಗಿದವರ ಬೆವರು ಅಡಿಯಲ್ಲಿ ನಿಂತು ಬೂಷ್ಟು ಹಿಡಿಯುತ್ತದೆ. ಫೋಮ್ 40 ಡೆನ್ಸಿಟಿಯದು (ಎಂದರೆ ಘನ ಮೀಟರಿಗೆ 40 ಕಿಲೋ ತೂಗುವಂಥದ್ದು), ನಾಲ್ಕು ಅಂಗುಲ ದಪ್ಪ. 32ರದು ಕೂರಲು ನಡೆಯುತ್ತದೆ, ಆದರೆ ಮಲಗಿದರೆ ಕೆಲವೇ ತಿಂಗಳಲ್ಲಿ ಸೊಂಟದ ಜಾಗ ಗುಂಡಿ ಬೀಳುತ್ತದೆ.

ಬಣ್ಣ ಮಾತ್ರ ತಿಳಿಯಾದದ್ದೇ ಇರಲಿ. ಮಸ್ಕಿಯಲ್ಲಿ ನಿಮ್ಮನ್ನು ಎಬ್ಬಿಸಿದ್ದು ಅರ್ಧ ಬಿಸಿಲಾದರೆ ಅರ್ಧ ಆ ಗಾಢ ಕಂದು ಬಣ್ಣ.

ಉತ್ತರ: ಜೀನ್ಸ್ ಹೊಲಿಸುವವಳು, ಬಳ್ಳಾರಿ

ನಮ್ಮೂರಿನಲ್ಲಿ ಡೆನಿಮ್ ಇರುವಾಗ ಬೇರೆ ಬಟ್ಟೆ ಯಾಕೆ ಎಂದು ಯಾರಾದರೂ ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ: ಬೇಡ. ನನ್ನ ಅಣ್ಣ ತನ್ನ ಜೀಪಿಗೆ ಹಾಕಿಸಿದ್ದ. ನಮ್ಮ ಘಟಕದಲ್ಲೇ ಉಳಿದಿದ್ದ ದಪ್ಪ ಬಟ್ಟೆ, ನೋಡಲು ಬಹಳ ಚೆಂದ. ಮೊದಲ ಬೇಸಿಗೆಯಲ್ಲೇ ಮಾವನವರ ಬಿಳಿ ಪಂಚೆಯ ಹಿಂಭಾಗ ನೀಲಿಯಾಯಿತು. ಮದುವೆಗೆ ಹೊರಟಿದ್ದರು, ಪಾಪ.

ಇಂಡಿಗೊ ಬಣ್ಣ ನೂಲಿನ ಹೊರಗೆ ಮಾತ್ರ ಕೂರುತ್ತದೆ, ಒಳತಿರುಳು ಬಿಳಿಯಾಗಿಯೇ ಉಳಿಯುತ್ತದೆ. ಒಗೆದಷ್ಟೂ ಉಜ್ಜಿದಷ್ಟೂ ಬಿಳಿ ಕಾಣುವುದು ಅದಕ್ಕೇ. ಪ್ಯಾಂಟಿನಲ್ಲಿ ಅದೇ ಸೊಗಸು, ನಮ್ಮ ವಾಷಿಂಗ್ ಘಟಕಗಳು ಬದುಕಿರುವುದೇ ಅದರ ಮೇಲೆ. ಸೀಟಿನಲ್ಲಿ ಅದೇ ಶಾಪ. ಬಿಸಿಲಿಗೆ ಹಿಡಿಯುವ ಬಟ್ಟೆಯಲ್ಲಿ ಬಣ್ಣವನ್ನು ಎಳೆ ತೆಗೆಯುವ ಮೊದಲೇ ಬೆರೆಸಿರಬೇಕು. ರೊಟ್ಟಿಯ ಮೇಲೆ ಅರಿಶಿನ ಸವರುವುದಕ್ಕೂ ಹಿಟ್ಟಿಗೇ ಅರಿಶಿನ ಹಾಕಿ ನಾದುವುದಕ್ಕೂ ಇರುವ ವ್ಯತ್ಯಾಸ ಅದು. ಅಕ್ರಿಲಿಕ್‌ನಲ್ಲಿ ಹಾಗೆ ಮಾಡಿದ ಬಟ್ಟೆಗಳಿವೆ, ಅಮೆರಿಕದ ‘ಸನ್‌ಬ್ರೆಲ್ಲಾ’ 1961ರಿಂದಲೂ ಬರುತ್ತಿದೆ. ದೋಣಿಯ ಸೀಟು, ಅಂಗಳದ ಚಪ್ಪರಗಳಿಗೆ ಬಳಸುತ್ತಾರೆ, ಬ್ಲೀಚ್ ಹಾಕಿ ತೊಳೆದರೂ ಬಣ್ಣ ಹೋಗುವುದಿಲ್ಲ. ಬೆಲೆ ಕೇಳಿದರೆ ಮಾತ್ರ ಮೇಷ್ಟರೇ, ನಿಮ್ಮ ಮಗ ಹೇಳಿದ ಅಂತಸ್ತು ನೆನಪಾದೀತು. ರಾತ್ರಿಯ ಮುಖಕ್ಕೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಸಾಕು. ಹಗಲೆಲ್ಲ ಅದು ಕೆಳಮುಖವಾಗಿರುತ್ತದೆ, ಬಿಸಿಲು ಎಲ್ಲಿ ತಾಗುತ್ತದೆ?

ಅಕ್ಕನವರಿಗೆ ಒಂದು ಮಾತು: ಬಟ್ಟೆಯ ಮುಖದ ಮೇಲೂ ಒಂದು ಕೌದಿ ಹಾಸಿಕೊಳ್ಳಿ. ಹಳೆಯ ಹತ್ತಿ ಸೀರೆಗಳ ಕೌದಿಯಷ್ಟು ಬೆವರು ಹೀರುವ ಬಟ್ಟೆಯನ್ನು ಯಾವ ಕಂಪನಿಯೂ ಮಾಡಿಲ್ಲ. ಒಗೆದು ವ್ಯಾನಿನ ಮೇಲೆಯೇ ಒಣಹಾಕಬಹುದು.

ಉತ್ತರ: ವ್ಯಾನಿನಲ್ಲಿ ಮೂರು ವರ್ಷ ತಿರುಗಿದವನು, ರಾಯಚೂರು

ಎರಡು ಮಾತು. ನಾನು ಬೂದು ಬಣ್ಣದ ಮಖಮಲ್ಲಿನಂಥ ಬಟ್ಟೆ ಹಾಕಿಸಿ ಕೆಟ್ಟೆ. ಶಕ್ತಿನಗರದ ರಸ್ತೆಯ ಹಾರುಬೂದಿ, ಸಿಂಧನೂರಿನ ಎರೆಮಣ್ಣು, ತೋರಣಗಲ್ಲಿನ ಕೆಂಪು ಧೂಳು ಮೂರೂ ಅದರಲ್ಲಿ ಸಂಸಾರ ಹೂಡಿವೆ. ಮೇಲಕ್ಕೆ ಎದ್ದ ನೂಲಿನ ಬಟ್ಟೆ ಬೇಡ, ಮತ್ತು ಕವರಿಗೆ ಜಿಪ್ ಇರಲೇಬೇಕು.

ಎರಡನೆಯದು, ಒಲೆ. ಪಿವಿಸಿಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ, ಅಕ್ರಿಲಿಕ್‌ಗೆ ಹತ್ತುತ್ತದೆ. ಎರಡಕ್ಕಿಂತ ಅಪಾಯ ಒಳಗಿನ ಫೋಮ್: ಉರಿದರೆ ಬರುವ ಹೊಗೆಯೇ ಮನುಷ್ಯನನ್ನು ಕೊಲ್ಲುತ್ತದೆ. ವಾಹನದ ಒಳಗಿನ ವಸ್ತುಗಳಿಗೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಅಮೆರಿಕದ ಎಫ್‌ಎಮ್‌ವಿಎಸ್‌ಎಸ್ 302 ಎಂಬ ವಾಹನ ಸುರಕ್ಷತಾ ನಿಯಮದ ಪ್ರಕಾರ ಉರಿ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ಸೋಫಾ ಬಟ್ಟೆಯ ಅಂಗಡಿಯಲ್ಲಿ ಇದನ್ನು ಕೇಳಿದರೆ ನಗುತ್ತಾರೆ, ವಾಹನದ ಸೀಟಿನ ವಸ್ತು ಮಾರುವವರಲ್ಲಿ ಕೇಳಿ.

ಮೂರನೆಯದೂ ನೆನಪಾಯಿತು. ಸೀಟು ತೆಗೆಸಿದ್ದೀರಿ, ಆದರೆ ಆರ್‌ಸಿಯಲ್ಲಿ ಆಸನಗಳ ಸಂಖ್ಯೆ ಹಳೆಯದೇ ಇದೆಯೇ? ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಒಮ್ಮೆ ಓದಿ, ಆರ್‌ಟಿಒ ಕಚೇರಿಗೆ ಹೋಗಿಬನ್ನಿ. ಹೊದಿಕೆ ಬದಲಿಸಲು ಯಾರ ಅಪ್ಪಣೆಯೂ ಬೇಡ, ಸೀಟು ಬದಲಿಸಲು ಬೇಕು.

ಮತ್ತೆ: ನಿವೃತ್ತ ಗಣಿತ ಮೇಷ್ಟರು, ಕೊಪ್ಪಳ

ಎಲ್ಲರಿಗೂ ವಂದನೆ. ಐದು ವಾರ ಮೌನವಾಗಿದ್ದೆ, ಕಾರಣವಿದೆ.

ಮೊದಲು ನನ್ನ ಸತ್ತ ಹೊದಿಕೆಯ ಮರಣೋತ್ತರ ಪರೀಕ್ಷೆ. ನಮ್ಮ ಶಾಲೆಯಲ್ಲಿದ್ದ ರಸಾಯನಶಾಸ್ತ್ರದ ಮೇಷ್ಟರ ಅಂಗಳದಲ್ಲಿ ಮಾಡಿದೆವು. ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ತುಣುಕಿಗೆ ತಾಗಿಸಿ, ಮತ್ತೆ ಜ್ವಾಲೆಗೆ ಹಿಡಿದರು. ಜ್ವಾಲೆ ಹಸಿರಾಯಿತು. ಕ್ಲೋರಿನ್ ಇದೆ, ಎಂದರೆ ಪಿವಿಸಿ. ‘ಪಿಯು ಲೆದರ್’ ಎಂದು ಕೊಟ್ಟಿದ್ದ ಅಂಗಡಿಯವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೊಗೆ ಕೆಟ್ಟದ್ದು, ಮಾಡುವವರು ಬಯಲಿನಲ್ಲೇ ಮಾಡಿ. ಹೊಲಿಗೆಯನ್ನೂ ಅಳೆದೆ: ಎರಡು ಮಿಲಿಮೀಟರಿಗೂ ಕಡಿಮೆ. ಬಳ್ಳಾರಿಯವರ ಅಂಚೆ ಚೀಟಿಯ ಮಾತು ಸುಳ್ಳಲ್ಲ.

ಆಮೇಲೆ ಏಳೂ ತುಣುಕುಗಳನ್ನು ಡ್ಯಾಶ್‌ಬೋರ್ಡಿನ ಮೇಲೆ ಸಾಲಾಗಿಟ್ಟು, ಪ್ರತಿಯೊಂದರ ಅರ್ಧವನ್ನು ಹಳೆಯ ಲಾಗರಿದಮ್ ಪುಸ್ತಕಗಳಿಂದ ಮುಚ್ಚಿ ಏಪ್ರಿಲ್ ಬಿಸಿಲಿಗೆ ಬಿಟ್ಟೆ. ಮೂವತ್ತೈದು ದಿನದ ನಂತರ ಪುಸ್ತಕ ತೆಗೆದಾಗ ಡೆನಿಮ್ ಮತ್ತು ಕೆಂಪು ಬಟ್ಟೆಗಳಲ್ಲಿ ಗೆರೆ ಎಳೆದಂತೆ ಎರಡು ಬಣ್ಣ. ಮೂವತ್ತು ಸಾವಿರ ಸುತ್ತಿನ ಬಟ್ಟೆಯೂ ಮಾಸಿತ್ತು, ಎಳೆ ಮಾತ್ರ ಒಂದೂ ಕಡಿದಿರಲಿಲ್ಲ. ತಿಳಿ ಮರಳು ಬಣ್ಣದ ರೆಕ್ಸಿನ್ ಮತ್ತು ಬೂದು ಪಾಲಿಯೆಸ್ಟರ್ ಹಾಗೆಯೇ ಇದ್ದವು. ರೆಕ್ಸಿನ್ ಬಿರುಸಾಗುವುದು ಐದು ವಾರದಲ್ಲಿ ಕಾಣುವ ಸಂಗತಿಯಲ್ಲ, ಒಪ್ಪುತ್ತೇನೆ. ಅದಕ್ಕೆ ಕಿಟಕಿಗೆ ದಪ್ಪ ಪರದೆಯೇ ಮದ್ದು. ಅರಿಶಿನದ ಪರೀಕ್ಷೆಯನ್ನೂ ಮಾಡಿದೆ, ಉಪಾಯವಾಗಿ ಮಿರ್ಚಿಯನ್ನೂ ತಿಂದೆ. ಸೋಪಿನ ನೀರಿನಲ್ಲಿ ಒರೆಸಿದ ಮೇಲೂ ರೆಕ್ಸಿನ್ ಮೇಲೆ ಹಳದಿಯ ನೆರಳು ಉಳಿಯಿತು. ನಾಲ್ಕು ದಿನದ ಬಿಸಿಲು ಅದನ್ನೂ ನುಂಗಿತು. ನಮ್ಮ ಊರಿನ ಬಿಸಿಲಿನಿಂದ ಆದ ಉಪಕಾರ ಇದೊಂದೇ.

ಲೆಕ್ಕವೂ ಕೂಡಿಬಂತು. ರೋಲಿನ ಅಗಲ 54 ಅಂಗುಲ. ಎರಡು ಬೆಂಚಿನ 24 ಅಂಗುಲದ ಮುಖಗಳು ಅಕ್ಕಪಕ್ಕ ಕೂರುತ್ತವೆ. ಹಾಗಾಗಿ ರೆಕ್ಸಿನ್ ಮುಖಗಳಿಗೆ ಎರಡು ಮೀಟರ್, ಸುತ್ತಲಿನ ಪಟ್ಟಿಗೆ ಒಂದು ಮೀಟರ್, ಬಟ್ಟೆ ಎರಡು ಮೀಟರ್. ಅಂಗಡಿಯವರು ಎಂಟು ಮೀಟರ್ ಬೇಕೆಂದಿದ್ದರು.

ಪ್ಲೈವುಡ್‌ಗೆ ತೂತು ಕೊರೆಸಿಯಾಯಿತು. ಆರ್‌ಟಿಒ ಕಚೇರಿಗೆ ಸೋಮವಾರ ಹೋಗುತ್ತೇನೆ. ಮನೆಯವರು ನಿನ್ನೆಯೇ ಹಳೆಯ ಸೀರೆಗಳ ಗಂಟು ಬಿಚ್ಚಿದ್ದಾರೆ. ಅದರೊಳಗೆ ನನ್ನ ಎರಡು ಹೊಸ ಅಂಗಿಗಳೂ ಸೇರಿರುವುದನ್ನು ಈಗಷ್ಟೇ ನೋಡಿದೆ.

ಉತ್ತರ: ಕುಶನ್ ಕೆಲಸದವನು, ಬಳ್ಳಾರಿ

ಐದು ಮೀಟರ್ ಸರಿ, ಆದರೆ ಅಂಚಿನ ಹೊಲಿಗೆಗೆ ಕೂರಿಸುವ ಪೈಪಿಂಗ್ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇನ್ನರ್ಧ ಮೀಟರ್ ರೆಕ್ಸಿನ್ ತನ್ನಿ ಮೇಷ್ಟರೇ. ಅಂಗಿಗಳನ್ನು ಮಾತ್ರ ಇವತ್ತೇ ಎತ್ತಿಟ್ಟುಕೊಳ್ಳಿ.