ಲಿಥಿಯಂ ನಿಯೋಬೇಟ್ ಹರಳಿಗೆ ಕಬ್ಬಿಣ ಹಾಕಿದರೆ ಎನರ್ಜಿ ಇಷ್ಟೊಂದು ಮೈನಸ್ ಯಾಕೆ?

ಹರಳು_ತುಮಕೂರು:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂಎಸ್ಸಿ ಫಿಸಿಕ್ಸ್ ಕೊನೇ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಲಿಥಿಯಂ ನಿಯೋಬೇಟ್ ತೆಗೆದುಕೊಂಡೆ, ಲೇಸರ್ ಬಣ್ಣ ಬದಲಿಸೋಕೆ, ಮಾಡ್ಯುಲೇಟರ್‌ಗೆ ಎಲ್ಲ ಬಳಸ್ತಾರಲ್ಲ, ಅದೇ ಹರಳು. ಹರಳು ಬೆಳೆಸೋ ಫರ್ನೇಸ್ ನಮ್ಮಲ್ಲಿಲ್ಲ, ಹಾಗಾಗಿ ಎಲ್ಲ ಕಂಪ್ಯೂಟರ್‌ನಲ್ಲೇ. ಮೆಗ್ನೀಸಿಯಂ ಅಥವಾ ಕಬ್ಬಿಣ ಬೆರೆಸಿದರೆ ಅದು ಲಿಥಿಯಂ ಜಾಗಕ್ಕೆ ಹೋಗುತ್ತೋ ನಿಯೋಬಿಯಂ ಜಾಗಕ್ಕೋ ಅನ್ನೋದು ಪ್ರಶ್ನೆ. ಗಲ್ಪ್ (GULP) ಅನ್ನೋ ಸಾಫ್ಟ್‌ವೇರ್‌ನಲ್ಲಿ ಮಾಟ್-ಲಿಟಲ್ಟನ್ ವಿಧಾನದಲ್ಲಿ (ಡಿಫೆಕ್ಟ್ ಹತ್ತಿರದ ಅಯಾನುಗಳನ್ನು ಒಂದೊಂದಾಗಿ, ದೂರದವನ್ನು ಅಂದಾಜಾಗಿ ಲೆಕ್ಕ ಹಾಕೋದು) ಓಡಿಸಿದೆ.

ಲಿಥಿಯಂ ಜಾಗದಲ್ಲಿ ಮೆಗ್ನೀಸಿಯಂ ಇಟ್ಟರೆ ಎನರ್ಜಿ ಮೈನಸ್ ಬಂತು. ಅದೇ ಜಾಗದಲ್ಲಿ ಕಬ್ಬಿಣ (3+) ಇಟ್ಟರೆ ಅದಕ್ಕಿಂತ ಎಷ್ಟೋ ಜಾಸ್ತಿ ಮೈನಸ್. ನಿಯೋಬಿಯಂ ಜಾಗದಲ್ಲಿ ಕಬ್ಬಿಣ ಇಟ್ಟರೆ ಮಾತ್ರ ದೊಡ್ಡ ಪ್ಲಸ್. ಹಾಗಾದರೆ ಕಬ್ಬಿಣ ಲಿಥಿಯಂ ಜಾಗಕ್ಕೇ ಹೋಗುತ್ತೆ, ಅದೂ ಮೆಗ್ನೀಸಿಯಂಗಿಂತ ಸಲೀಸಾಗಿ ಅಂತ ಬರೆದೆ. ಗೈಡ್ ಸರ್ ಆ ಪುಟದ ಮೇಲೆ ಕೆಂಪು ಪೆನ್ನಲ್ಲಿ ಗೀಟು ಎಳೆದು "ಯೋಚನೆ ಮಾಡು" ಅಂದರು, ಅಷ್ಟೇ. ಮೂರು ದಿನದಿಂದ ಯೋಚನೆ ಮಾಡ್ತಾನೇ ಇದ್ದೇನೆ.

ತಿಪಟೂರು_ಕೊಬ್ಬರಿ:
ನೋಡಮ್ಮಾ, ನಿನ್ನ ಲೆಕ್ಕ ತಪ್ಪಲ್ಲ, ಅರ್ಧಕ್ಕೇ ನಿಂತಿದೆ. ಹರಾಜಿನಲ್ಲಿ ಕೊಬ್ಬರಿಗೆ ಬಂದ ದುಡ್ಡನ್ನೇ ಲಾಭ ಅಂದುಕೊಂಡ ಹಾಗಾಯ್ತು. ತಿಂಗಳುಗಟ್ಟಲೆ ಅಟ್ಟದಲ್ಲಿ ಇಟ್ಟು ಕಾಯ್ದದ್ದು, ಸುಲಿಸಿದ ಕೂಲಿ, ಗಾಡಿ ಬಾಡಿಗೆ ಯಾರು ಕಳೀತಾರೆ?

ಗಲ್ಪ್ ಕೊಟ್ಟಿದ್ದು ಬರೀ ಡಿಫೆಕ್ಟ್ ಎನರ್ಜಿ. ಎಲ್ಲೋ ಅನಂತ ದೂರದಲ್ಲಿ ಒಂಟಿಯಾಗಿದ್ದ ಅಯಾನನ್ನು ತಂದು ಹರಳಿನೊಳಗೆ ಕೂರಿಸಿ, ಅಲ್ಲಿದ್ದದ್ದನ್ನು ಅನಂತ ದೂರಕ್ಕೆ ಕಳಿಸಿದ ಲೆಕ್ಕ ಅದು. 1+ ಇದ್ದ ಲಿಥಿಯಂ ಜಾಗಕ್ಕೆ 3+ ತಂದರೆ ಸುತ್ತಲಿನ ಆಕ್ಸಿಜನ್‌ಗಳು ಗಟ್ಟಿಯಾಗಿ ಎಳೆದುಕೊಳ್ಳುತ್ತವೆ, ಮೈನಸ್ ಜಾಸ್ತಿ ಬರಲೇಬೇಕು. 5+ ಇದ್ದ ನಿಯೋಬಿಯಂ ಜಾಗಕ್ಕೆ 3+ ತಂದರೆ ದೊಡ್ಡ ಪ್ಲಸ್ ಬರಲೇಬೇಕು. ಇದರಲ್ಲಿ ಕಬ್ಬಿಣದ ಇಷ್ಟಾನಿಷ್ಟ ಏನೂ ಇಲ್ಲ, ಬರೀ ಚಾರ್ಜ್ ಮಾತಾಡ್ತಿದೆ.

ನಿಜವಾದ ಫರ್ನೇಸ್‌ನಲ್ಲಿ ಕಬ್ಬಿಣ ಒಂಟಿ ಅಯಾನಾಗಿ ಬರಲ್ಲ, ಆಕ್ಸೈಡ್ ಪುಡಿಯಾಗಿ ಬರುತ್ತೆ. ಹೊರಗೆ ಹೋದ ಲಿಥಿಯಂ ಕೂಡ ಗಾಳಿಯಲ್ಲಿ ಅಯಾನಾಗಿ ಓಡಾಡಲ್ಲ, ಲಿಥಿಯಂ ಆಕ್ಸೈಡ್ ಆಗುತ್ತೆ. ಹಾಗಾಗಿ ಇಡೀ ರಿಯಾಕ್ಷನ್ ಬರೆದು ಸೊಲ್ಯೂಷನ್ ಎನರ್ಜಿ, ಅಂದರೆ ಆಕ್ಸೈಡ್ ಹರಳಿನೊಳಗೆ ಬೆರೆಯೋಕೆ ಬೇಕಾಗೋ ಒಟ್ಟು ಎನರ್ಜಿ, ತೆಗೆಯಬೇಕು. ಮೆಗ್ನೀಸಿಯಂಗೆ ಹೀಗೆ: ಒಂದು ಮೆಗ್ನೀಸಿಯಂ ಆಕ್ಸೈಡ್ ಒಳಗೆ ಬಂತು, ಎರಡು ಲಿಥಿಯಂ ಜಾಗ ಬಿಟ್ಟವು, ಒಂದರಲ್ಲಿ ಮೆಗ್ನೀಸಿಯಂ ಕೂತಿತು, ಇನ್ನೊಂದು ಖಾಲಿ ಉಳಿಯಿತು, ಆಚೆ ಒಂದು ಲಿಥಿಯಂ ಆಕ್ಸೈಡ್ ಆಯ್ತು. ಎರಡು ಡಿಫೆಕ್ಟ್ ಎನರ್ಜಿ ಕೂಡಿಸು, ಲಿಥಿಯಂ ಆಕ್ಸೈಡ್ ಲ್ಯಾಟಿಸ್ ಎನರ್ಜಿ (ಬಿಡಿ ಅಯಾನುಗಳು ಸೇರಿ ಹರಳಾದಾಗಿನ ಎನರ್ಜಿ) ಸೇರಿಸು, ಮೆಗ್ನೀಸಿಯಂ ಆಕ್ಸೈಡ್‌ದನ್ನು ಕಳೆ.

ಕಬ್ಬಿಣಕ್ಕೆ ಇನ್ನೊಂದು ಚೆಂದದ ದಾರಿ ಇದೆ. ಒಂದು ಕಬ್ಬಿಣ ಲಿಥಿಯಂ ಜಾಗಕ್ಕೆ, ಇನ್ನೊಂದು ನಿಯೋಬಿಯಂ ಜಾಗಕ್ಕೆ. ಅಲ್ಲಿ ಎರಡು ಜಾಸ್ತಿ, ಇಲ್ಲಿ ಎರಡು ಕಮ್ಮಿ, ಚಾರ್ಜ್ ತಾನಾಗೇ ಸರಿಹೋಯ್ತು. ಒಳಗೆ ಹೋದದ್ದು ಒಂದು ಫೆರಿಕ್ ಆಕ್ಸೈಡ್, ಹೊರಗೆ ಬಂದದ್ದು ಒಂದು ಲಿಥಿಯಂ ನಿಯೋಬೇಟ್. ಕೊನೆಗೆ ಎರಡರಿಂದ ಭಾಗಿಸೋದು ಮರೀಬೇಡ, ಒಂದು ಕಬ್ಬಿಣಕ್ಕೆ ಎಷ್ಟು ಅಂತ ನೋಡಿದರೆ ಮಾತ್ರ ಮೆಗ್ನೀಸಿಯಂ ಜೊತೆ ಹೋಲಿಸಬಹುದು. ಈ ಥರ ಮೂರ್ನಾಲ್ಕು ದಾರಿ ಬರೆದು ಯಾವುದು ಕಡಿಮೆ ಬರುತ್ತೋ ನೋಡು. ಎಲ್ಲದಕ್ಕೂ ಆಕ್ಸಿಜನ್-ಆಕ್ಸಿಜನ್ ಪೊಟೆನ್ಷಿಯಲ್ (ಎರಡು ಆಕ್ಸಿಜನ್ ಅಯಾನುಗಳ ನಡುವಿನ ಎಳೆತ-ತಳ್ಳಾಟದ ಸೂತ್ರ) ಒಂದೇ ಇರಬೇಕು, ಇಲ್ಲದಿದ್ದರೆ ಕೂಡಿಸಿ ಕಳೆಯೋದಕ್ಕೆ ಅರ್ಥವೇ ಇರಲ್ಲ.

ಶಿರಾಗೇಟ್_ಪ್ಯಾಸೆಂಜರ್:
ಮೇಲಿನವರು ಹೇಳಿದ್ದು ಸರಿ. ರೈಲಲ್ಲಿ ಕೂತು ಬರೀತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಒಂದು ವಿಷಯ ಬಿಟ್ಟುಹೋಯ್ತು. ನೀವು ಪರ್ಫೆಕ್ಟ್ ಹರಳಿನಿಂದ ಶುರು ಮಾಡಿದ್ದೀರಿ, ಮಾರ್ಕೆಟ್‌ನಲ್ಲಿ ಸಿಗೋ ಹರಳು ಹಾಗಿರಲ್ಲ. ಕರಗಿಸಿ ಮಾಮೂಲಿಯಾಗಿ ಎಳೆದ ಹರಳಿನಲ್ಲಿ ಲಿಥಿಯಂ ಆಕ್ಸೈಡ್ 50 ಅಲ್ಲ, ಸುಮಾರು 48.5 ಮೋಲ್ ಪರ್ಸೆಂಟ್ ಇರುತ್ತೆ. ಕೆಲವು ಲಿಥಿಯಂ ಜಾಗದಲ್ಲಿ ಆಗಲೇ ನಿಯೋಬಿಯಂ ಕೂತಿರುತ್ತೆ, ಅಂಥ ಒಂದೊಂದಕ್ಕೂ ನಾಲ್ಕು ಲಿಥಿಯಂ ಜಾಗ ಖಾಲಿ. ಮೆಗ್ನೀಸಿಯಂ ಹಾಕಿದಾಗ ಅದು ಮೊದಲು ಈ ತಪ್ಪು ಜಾಗದಲ್ಲಿ ಕೂತ ನಿಯೋಬಿಯಂಗಳನ್ನೇ ಎಬ್ಬಿಸುತ್ತೆ. ಸುಮಾರು 5 ಮೋಲ್ ಪರ್ಸೆಂಟ್ ದಾಟಿದ ಮೇಲೆ ಲೇಸರ್‌ನಿಂದ ಆಗೋ ಆಪ್ಟಿಕಲ್ ಡ್ಯಾಮೇಜ್ ಗಣನೀಯವಾಗಿ ತಗ್ಗುತ್ತೆ. ಡ್ಯಾಮೇಜ್ ಅಂದರೆ ಸುಟ್ಟುಹೋಗೋದಲ್ಲ, ವಕ್ರೀಭವನ ಸೂಚ್ಯಂಕ ಅಲ್ಲಲ್ಲಿ ಬದಲಾಗೋದು. 1966ರಲ್ಲಿ ಬೆಲ್ ಲ್ಯಾಬ್ಸ್‌ನವರು ಇದನ್ನು ಮೊದಲು ಕಂಡದ್ದು ತೊಂದರೆಯಾಗಿಯೇ. ಆಮೇಲೆ ಅದೇ ಗುಣ ಹಾಲೋಗ್ರಾಂ ಬರೆಯೋಕೆ ಬೇಕಾಯ್ತು, ಅದಕ್ಕೇ ಬೇಕಂತಲೇ ಕಬ್ಬಿಣ ಹಾಕೋದು. ನಿಮ್ಮ ಎರಡು ಲೋಹಗಳು ಒಂದಕ್ಕೊಂದು ತದ್ವಿರುದ್ಧ ಕೆಲಸದವು. ಇದನ್ನು ಮೊದಲ ಅಧ್ಯಾಯದಲ್ಲಿ ಬರೆಯಿರಿ, ವೈವಾದಲ್ಲಿ ಕೇಳೇ ಕೇಳ್ತಾರೆ.

ಡಿಎಫ್‌ಟಿ_ಮಾಮ:
ಗಲ್ಪ್ ಬಿಟ್ಟು ಡಿಎಫ್‌ಟಿ (ಎಲೆಕ್ಟ್ರಾನ್‌ಗಳನ್ನೂ ಸೇರಿಸಿ ಲೆಕ್ಕ ಹಾಕೋ ಕ್ವಾಂಟಮ್ ವಿಧಾನ) ಮಾಡಬಾರದಾ? ಅದರ ಸಾಫ್ಟ್‌ವೇರ್ ಕ್ವಾಂಟಮ್ ಎಸ್ಪ್ರೆಸ್ಸೋ ಫ್ರೀಯಾಗೇ ಸಿಗುತ್ತೆ.

ಶಿರಾಗೇಟ್_ಪ್ಯಾಸೆಂಜರ್:
ಮಾಮ, ಪಾಪ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರಬೇಕು. ಡಿಎಫ್‌ಟಿಗೆ ಹರಳಿನಲ್ಲಿ ಮತ್ತೆ ಮತ್ತೆ ಬರೋ ಒಂದು ತುಂಡು, ಅಂದರೆ ಸೆಲ್, ತಗೋಬೇಕು. 30 ಪರಮಾಣುಗಳ ಸೆಲ್‌ನಲ್ಲಿ ಲಿಥಿಯಂ ಇರೋದು ಆರು, ಒಂದನ್ನು ತೆಗೆದು ಕಬ್ಬಿಣ ಇಟ್ಟರೆ ಸುಮಾರು 17 ಪರ್ಸೆಂಟ್ ಡೋಪಿಂಗ್. ಅದು ಡೋಪಿಂಗ್ ಅಲ್ಲ, ಬೇರೆ ಪದಾರ್ಥವೇ. ಮೂರೂ ಕಡೆ ಎರಡರಷ್ಟು ಮಾಡಿದರೆ 240 ಪರಮಾಣು, ಆಗಲೂ 2 ಪರ್ಸೆಂಟ್. ಅದರ ಮೇಲೆ ಚಾರ್ಜ್ ಇರೋ ಸೆಲ್‌ಗೆ ಕರೆಕ್ಷನ್, ಕಬ್ಬಿಣದ ಡಿ ಎಲೆಕ್ಟ್ರಾನ್‌ಗಳಿಗೆ ಯು ಅನ್ನೋ ಇನ್ನೊಂದು ತಿದ್ದುಪಡಿ ಸೇರಿಸೋದು. ಯಾವ ಬಣ್ಣ ಹೀರುತ್ತೆ ಅಂತ ಕೇಳಿದ್ದರೆ ಡಿಎಫ್‌ಟಿ ಬೇಕೇ ಬೇಕು, ಗಲ್ಪ್‌ನ ಪೊಟೆನ್ಷಿಯಲ್‌ಗಳಿಗೆ ಎಲೆಕ್ಟ್ರಾನ್ ಮಟ್ಟಗಳೇ ಗೊತ್ತಿಲ್ಲ. ಎಲ್ಲಿ ಕೂರುತ್ತೆ ಅನ್ನೋದಕ್ಕೆ ಗಲ್ಪ್ ಸಾಕು.

ಹರಳು_ತುಮಕೂರು:
ಎಲ್ಲರಿಗೂ ಥ್ಯಾಂಕ್ಸ್! ರಾತ್ರಿ ಕೂತು ಮಾಡಿದೆ, ಮಧ್ಯೆ ಒಂದು ಸಲ ಕರೆಂಟ್ ಬೇರೆ ಹೋಯ್ತು. ಮೆಗ್ನೀಸಿಯಂಗೆ ಸಣ್ಣ ಪ್ಲಸ್ ಬಂತು. ಪ್ಲಸ್ ಅಂದರೆ ಬೆರೆಯಲ್ಲ ಅಂತಾನಾ? ಕಬ್ಬಿಣಕ್ಕೆ ಮಾತ್ರ ಮತ್ತೆ ನೂರಾರು ಎಲೆಕ್ಟ್ರಾನ್ ವೋಲ್ಟ್ ಬರ್ತಿದೆ, ಭಾಗಿಸಿದರೂ ಇಳೀತಿಲ್ಲ.

ತಿಪಟೂರು_ಕೊಬ್ಬರಿ:
ಪ್ಲಸ್ ಬಂದರೆ ಗಾಬರಿ ಬೇಡ. ಈ ಹರಳು ಬೆಳೆಯೋದು 1250 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಅಷ್ಟು ಬಿಸಿಯಲ್ಲಿ ಎಂಟ್ರೋಪಿ ಸ್ವಲ್ಪ ಸಹಾಯ ಮಾಡುತ್ತೆ. ಮೆಗ್ನೀಸಿಯಂ ಮತ್ತು ಖಾಲಿ ಜಾಗ ಎರಡನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೇ ಓಡಿಸು, ಇನ್ನೂ ಇಳಿಯಬಹುದು.

ಕಬ್ಬಿಣದ್ದು ಎಲ್ಲಿ ತಪ್ಪಿದೆ ಅಂತ ಅನುಮಾನ ಇದೆ. ಫೆರಿಕ್ ಆಕ್ಸೈಡ್ ಔಟ್‌ಪುಟ್‌ನಲ್ಲಿ ಯಾವ ಸಂಖ್ಯೆ ತಗೊಂಡೆ? ಪ್ರಿಮಿಟಿವ್ ಸೆಲ್‌ನದ್ದಾದರೆ (ಅತಿ ಚಿಕ್ಕ ಸೆಲ್) ಅದರಲ್ಲಿ ಎರಡು ಫಾರ್ಮುಲಾ ಯೂನಿಟ್ (ಸೂತ್ರದಲ್ಲಿ ಬರೆದಷ್ಟು ಪರಮಾಣುಗಳ ಒಂದು ಗುಂಪು), ದೊಡ್ಡ ಸೆಲ್‌ನದ್ದಾದರೆ ಆರು. ಲಿಥಿಯಂ ನಿಯೋಬೇಟ್‌ಗೂ ಅಷ್ಟೇ.

ಹರಳು_ತುಮಕೂರು:
ಅಯ್ಯೋ. ಒಂದರಲ್ಲಿ ಎರಡರದ್ದು, ಇನ್ನೊಂದರಲ್ಲಿ ಆರರದ್ದು ತಗೊಂಡಿದ್ದೇನೆ.