ಬಾಕ್ಸಿಂಗಲ್ಲಿ ಹತ್ತಿರದಿಂದ ಹೊಡೆದ್ರೆ ಏಟಲ್ಲಿ ದಮ್ಮೇ ಇಲ್ಲ, ಏನ್ ಮಾಡೋದು?

ಸಕ್ಕರೆನಾಡ_ಹೈದ (ಮಂಡ್ಯ): ತಲೆ ಕೆಟ್ಟೋಗಿದೆ. ದೂರದಿಂದ ನೇರ ಪಂಚ್ ಬಿಟ್ರೆ ಪಂಚಿಂಗ್ ಬ್ಯಾಗ್ ನಡುಗುತ್ತೆ. ಒಳಗೆ ನುಗ್ಗಿ ಹುಕ್ (ಮೊಣಕೈ ಬಗ್ಗಿಸಿ ಪಕ್ಕದಿಂದ), ಅಪ್ಪರ್‌ಕಟ್ (ಕೆಳಗಿಂದ ಮೇಲಕ್ಕೆ) ಹೊಡೆದ್ರೆ ಬರೀ ತಳ್ಳಿದಂಗಾಗುತ್ತೆ. ಸ್ಪಾರಿಂಗಲ್ಲಿ (ಅಭ್ಯಾಸದ ಕಾದಾಟ) ಎದುರಿನವನು ಲೆಕ್ಕಕ್ಕೇ ಇಟ್ಕೊಳಲ್ಲ. ಡಂಬೆಲ್ ತೂಕ ಏರಿಸಿದ್ದೂ ಆಯ್ತು. ಸೊಂಟ ತಿರುಗಿಸು ಅಂತ ಮಾತ್ರ ಹೇಳ್ಬೇಡಿ.

ಗರಡಿ_ಮಣ್ಣು (ಮೈಸೂರು): ಸೊಂಟಾನೇ ತಿರುಗ್ತಿಲ್ಲ ಕಣಪ್ಪ. ಬೈಠಕ್ ಹೊಡಿ, ಗದೆ ತಿರುಗ್ಸು.

ಸಕ್ಕರೆನಾಡ_ಹೈದ: ಅದನ್ನೇ ಬೇಡ ಅಂದಿದ್ದು!

ಮೂರನೇ_ಸುತ್ತು (ಮೈಸೂರು): ಸೊಂಟ ತಿರುಗಿದ್ರೂ ಕಾಲಲ್ಲಿ ಭಾರ ಇಲ್ದಿದ್ರೆ ಏಟು ಬರಲ್ಲ. ಎಡ ಹುಕ್‌ಗೆ ಮೊದಲು ಎಡ ಮೊಣಕಾಲು ಸ್ವಲ್ಪ ಬಗ್ಗಿಸಿ ಭಾರ ಆ ಕಾಲಿಗೆ ತನ್ನಿ. ಅಲ್ಲಿಂದ ನೆಲ ಒದ್ದು, ಹಿಮ್ಮಡಿ ಹೊರಕ್ಕೆ ತಿರುಗಿಸ್ತಾ ಹೊಡೀರಿ. ಬಲ ನೇರ ಪಂಚ್ ಆದ್ಮೇಲೆ ಭಾರ ತಾನಾಗೇ ಎಡಗಾಲಿಗೆ ಬಂದಿರುತ್ತೆ, ಹುಕ್ ಹೊಡೆಯೋಕೆ ಅದೇ ಸಮಯ. ಮೊಣಕೈ ಸುಮಾರು 90 ಡಿಗ್ರಿ, ಮುಷ್ಟಿಯ ಹಿಂದೆಯೇ ಇರ್ಲಿ. ಕೋನ ಅಗಲ ಆದ್ರೆ ಬರೀ ತೋಳಿನ ಏಟು. ಕೈ ಹಿಂದಕ್ಕೆ ಎಳೆದು ಬೀಸೋಕೆ ಹೋಗ್ಬೇಡಿ, ಒಳಗೆ ಅಷ್ಟು ಜಾಗ ಇರಲ್ಲ, ಮುಖವೂ ತೆರೆದುಕೊಳ್ಳುತ್ತೆ. ಮುಷ್ಟಿ ಬಿಗಿ ಮಾಡೋದು ತಾಗೋ ಕ್ಷಣಕ್ಕೆ ಮಾತ್ರ.

ಗರಡಿ_ಮಣ್ಣು: ಅದೆಲ್ಲ ಸೊಂಟದ ಕೆಲಸಾನೇ ಅಲ್ವಾ ಗುರುಗಳೇ.

ಚಾಮುಂಡಿ_ಬೆಟ್ಟದ_ಗಾಳಿ (ಮೈಸೂರು): ಗ್ಲೋವ್ಸ್ ಎಷ್ಟು ಔನ್ಸ್? 16 ಆದ್ರೆ ಅಷ್ಟು ದಪ್ಪ ಪ್ಯಾಡಲ್ಲಿ ಎದುರಿನವನಿಗೆ ಏನು ತಾಗುತ್ತೆ?

ಮೂರನೇ_ಸುತ್ತು: ಸ್ಪಾರಿಂಗ್‌ಗೆ 16 ಹಾಕೋದೇ ಸರಿ, ಅದು ಎದುರಿನವನ ತಲೆ ಉಳಿಸೋಕೆ. ತಳ್ಳಿದಂಗೆ ಆಗೋಕೂ ಅದಕ್ಕೂ ಸಂಬಂಧ ಇಲ್ಲ. 1971ರ ಮಾರ್ಚ್ 8ರಂದು ಹೆವಿವೇಟ್ ಬಾಕ್ಸರ್ ಜೋ ಫ್ರೇಜಿಯರ್ 15ನೇ ಸುತ್ತಲ್ಲಿ ಮುಹಮ್ಮದ್ ಅಲಿಯನ್ನ ಕೆಡವಿದ ಎಡ ಹುಕ್ ನೋಡಿ, ಮೊದಲು ಕಾಲು ಬಗ್ಗುತ್ತೆ, ಆಮೇಲೆ ಕೈ.

ಸಕ್ಕರೆನಾಡ_ಹೈದ: ಎಡಗಾಲಿಗೆ ಭಾರ ತಂದ್ರೆ ಹಿಂದಕ್ಕೆ ವಾಲ್ತೀನಲ್ಲ? ನಾನು ಸೌತ್‌ಪಾ, ಬಲಗಾಲು ಮುಂದಿಟ್ಟು ನಿಲ್ಲೋನು.

ಮೂರನೇ_ಸುತ್ತು: ಸ್ವಾಮಿ, ಅದನ್ನ ಮೊದಲ ಸಾಲಲ್ಲೇ ಹೇಳ್ಬೇಕಲ್ವಾ! ಎಲ್ಲಾ ಅದಲುಬದಲು ಮಾಡ್ಕೊಳಿ. ಎಡ ನೇರ ಪಂಚ್, ಭಾರ ಮುಂದಿನ ಬಲಗಾಲಿಗೆ, ಅಲ್ಲಿಂದ ಬಲ ಹುಕ್. ಎದುರಿನವನು ಆರ್ಥೊಡಾಕ್ಸ್ (ಎಡಗಾಲು ಮುಂದಿಟ್ಟು ನಿಲ್ಲೋನು) ಆದ್ರೆ ನಿಮ್ಮ ಬಲಪಾದ ಅವನ ಎಡಪಾದದ ಹೊರಗಡೆ ಇರ್ಲಿ, ಇಲ್ದಿದ್ರೆ ಕಾಲಿಗೆ ಕಾಲು ಸಿಕ್ಕಿ ತಿರುಗೋಕೇ ಆಗಲ್ಲ. ಲಿವರ್‌ಗೆ ಹೊಡೆಯೋದಾದ್ರೆ, ಅದು ಇರೋದು ಅವನ ಬಲ ಪಕ್ಕೆಲುಬಿನ ಅಡಿಗೆ. ಅಂದ್ರೆ ನಿಮಗೆ ಅದು ಎಡಗೈ ಕೆಲಸ.

ಸಕ್ಕರೆನಾಡ_ಹೈದ: ಬ್ಯಾಗ್ ಮೇಲೆ ಮಾಡಿದೆ. ಇನ್ನೂ ತೂಗಾಡುತ್ತೆ.

ಮೂರನೇ_ಸುತ್ತು: ಬ್ಯಾಗ್ ತೂಕ ಎಷ್ಟು? ಹೆಂಗೆ ಕಟ್ಟಿದೀರಾ?

ಸಕ್ಕರೆನಾಡ_ಹೈದ: 15 ಕೆಜಿ ಇರ್ಬೋದು. ಹಗ್ಗದಲ್ಲಿ, ಶೆಡ್ ತೊಲೆಗೆ.

ಮೂರನೇ_ಸುತ್ತು: ಅಷ್ಟು ಹಗುರಾದ್ದು ಯಾರು ಹೊಡೆದ್ರೂ ತೂಗಾಡುತ್ತೆ, ಅದನ್ನ ನೋಡಿ ಏನೂ ಗೊತ್ತಾಗಲ್ಲ. 30–40 ಕೆಜಿ ಬೇಕು. ಸರಿಯಾದ ಏಟು ಬಿದ್ರೆ ಬ್ಯಾಗ್ ತಾಗಿದ ಜಾಗದಲ್ಲೇ ಮಡಚಿ ದಡ್ ಅನ್ನುತ್ತೆ, ದೂರ ಓಡಲ್ಲ. ಹಣೆ ಬ್ಯಾಗಿಗೆ ತಾಗಿಸಿ ನಿಂತು, ಹಿಂದೆ ಸರಿಯದೆ ಅರ್ಧ ಬಲದಲ್ಲಿ 3 ನಿಮಿಷ ಹುಕ್, ಅಪ್ಪರ್‌ಕಟ್ ಹೊಡೀರಿ.

ಚಾಮುಂಡಿ_ಬೆಟ್ಟದ_ಗಾಳಿ: ನಮ್ದು 40 ಕೆಜಿ, ಪೂರ್ತಿ ಟೈಲರ್ ಅಂಗಡಿ ಚಿಂದಿ. ಬುಡದಲ್ಲೂ ಚೈನ್ ಹಾಕಿ ನೆಲಕ್ಕೆ ಬಿಗಿದಿದೀವಿ.

ಗರಡಿ_ಮಣ್ಣು: ಚಿಂದಿ ಯಾಕೆ, ಮರಳು ತುಂಬ್ಸಿ.

ಚಾಮುಂಡಿ_ಬೆಟ್ಟದ_ಗಾಳಿ: ಬರೀ ಮರಳು ಕೆಳಗಿಳಿದು ಬುಡ ಕಲ್ಲಾಗುತ್ತೆ, ಬಾಡಿ ಶಾಟ್‌ಗೆ (ಹೊಟ್ಟೆ, ಪಕ್ಕೆ ಮಟ್ಟದ ಏಟು) ಮಣಿಕಟ್ಟು ಹೋಗುತ್ತೆ. ತೂಕ ಸಾಲ್ದಿದ್ರೆ ಚಿಕ್ಕ ಚೀಲಗಳಲ್ಲಿ ಕಟ್ಟಿ ಚಿಂದಿ ನಡುವೆ ಇಡ್ಬೇಕು.

ಗರಡಿ_ಮಣ್ಣು: ಚೈನ್ ಎಷ್ಟು ದಪ್ಪದ್ದು? ಸಂತೆಪೇಟೆಲಿ ಸಿಗುತ್ತಾ?